ಸುರುಳಿಗೆ ಸಿಕ್ಕದ ಫಿಲ್ಮು

ಋತುಗಳನ್ನು ನಡೆಸುವ ಪ್ರಭುವಿಗೆ ನಮಸ್ಕರಿಸಿ, ಶಿಶಿರದ ಈ ಕೊನೆಯ ಭಾನುವಾರದ ರಾತ್ರಿ ಬರೆಯುತ್ತಿದ್ದೇನೆ.

ಮಂಡಿ ಸೋತು ಮೂರನೆಯ ಮಹಡಿಯ ಈ ಕೋಣೆಯಲ್ಲಿ ಬಂದಿಯಾಗಿ ಎಂಟು ತಿಂಗಳಾಯಿತು. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆಯಲ್ಲದೆ ಬೇರೇನೂ ಕಾಣದು. ಎಲೆ ಉದುರುವ ಕಾಲವನ್ನು ಕ್ಯಾಮೆರಾದಲ್ಲಿ ಹಿಡಿಯಬೇಕೆಂಬ ನನ್ನ ಹಂಬಲಕ್ಕೆ ಮಣಿದು, ಅಳಿಯ ಇಂದು ನನ್ನನ್ನು ಬೆನ್ನ ಮೇಲೆ ಹೊತ್ತು ಕೆಳಗಿಳಿಸಿ ಕೆರೆಯ ದಂಡೆಗೆ ಕರೆದೊಯ್ದ. “ಮಾವ, ನಿಮಗಿಂತ ನಿಮ್ಮ ಕ್ಯಾಮೆರಾನೇ ಭಾರ!” ಎಂದು ಏದುಸಿರಿನಲ್ಲೇ ನಕ್ಕ.

ಮೂವತ್ತಾರು ಚಿತ್ರ ತೆಗೆದೆ. ಮನೆಗೆ ಬಂದು ಕ್ಯಾಮೆರಾ ಬಿಚ್ಚಿದರೆ ಫಿಲ್ಮಿನ ತುದಿ ಒಳಗಿನ ಸುರುಳಿಗೆ ಸಿಕ್ಕೇ ಇರಲಿಲ್ಲ; ಫಿಲ್ಮು ಮುಂದೆ ಸರಿದೇ ಇಲ್ಲ, ಒಂದು ಚಿತ್ರವೂ ಮೂಡಿಲ್ಲ.

“ಅಪ್ಪಾ, ಫೋಟೋ ಯಾವಾಗ ಬರುತ್ತೆ?” ಎಂದಳು ಮಗಳು.

“ಫಿಲ್ಮು ತೊಳೆಸಬೇಕಮ್ಮಾ” ಎಂದು ಸುಳ್ಳು ಹೇಳಿಬಿಟ್ಟೆ. ಅಳಿಯನಿಗೆ ಇನ್ನೊಮ್ಮೆ ಹೊರು ಎನ್ನಲು ನಾಲಿಗೆ ಏಳದು.

ನಾಳೆ ನಿಜ ನುಡಿಯುವ ಧೈರ್ಯವನ್ನು ನನಗೂ, ಕೇಳಿ ನಗುವ ಮನಸ್ಸನ್ನು ಅವರಿಬ್ಬರಿಗೂ ಭಗವಂತ ದಯಪಾಲಿಸಲಿ.