ವಾರ್ನಿಂಗ್ ಆರಿಸಿದವರು

ಮಾರ್ಚ್ 3, ಬೆಳಿಗ್ಗೆ
ಕಂಪನಿಯವರು ಕೊಡುತ್ತೇವೆ ಎಂದಿದ್ದು: ಪರೀಕ್ಷೆಗೆ ಪೂರ್ತಿ ಸಮಯ, ತಾಳೆ ನೋಡಲು ಇನ್ನೊಂದು ಟೂಲ್, ಕಾಂಟ್ರಾಕ್ಟ್ ಮುಗಿದ ಮೇಲೆ ಕಾಯಂ ಕೆಲಸ. ಕೊಟ್ಟಿದ್ದು: ಗಡುವು. ಈಗ ಫ್ಯಾಕ್ಟರಿಯಿಂದ ಚಿಪ್ ಬಂದಿದೆ, ಹೆಣವಾಗಿ ಬಂದಿದೆ. ಕರೆಂಟ್ ಕೊಟ್ಟರೂ ಏಳುವುದಿಲ್ಲ. ಡಿಸೈನ್ ಬರೆದವಳು ನಾನು. ಕೆಲಸದಿಂದ ಯಾಕೆ ತೆಗೆಯಬಾರದು ಎಂಬ ನೋಟಿಸ್ ನನಗೆ.

ಮಾರ್ಚ್ 4
ಸಿಕ್ಕಿತು. ನನ್ನದೇ ಸಾಲು. ಒಂದರೊಳಗೊಂದು ಎರಡು ಇಫ್, ಅಂದರೆ 'ಹೀಗಿದ್ದರೆ'; ಕೊನೆಗೆ ಒಂದು ಎಲ್ಸ್, 'ಇಲ್ಲದಿದ್ದರೆ'. ಚಿಪ್ಪನ್ನು ಕಂಪ್ಯೂಟರಿನೊಳಗೆ ಓಡಿಸಿ ನೋಡುವ ಟೂಲ್ ಆ ಎಲ್ಸನ್ನು ಒಳಗಿನ ಇಫ್‌ಗೆ ಕಟ್ಟಿದೆ. ಅದೇ ಸಾಲಿನಿಂದ ಸರ್ಕ್ಯೂಟ್ ಹೆಣೆಯುವ ಟೂಲ್ ಹೊರಗಿನದಕ್ಕೆ. ಪರೀಕ್ಷೆಯಲ್ಲಿ ಪಾಸು, ಸಿಲಿಕಾನ್‌ನಲ್ಲಿ ಸಾವು. ಸ್ಟ್ಯಾಂಡರ್ಡ್, ಅಂದರೆ ಡಿಸೈನ್ ಭಾಷೆಯ ನಿಯಮಪುಸ್ತಕ, ತೆಗೆದು ಓದಿದೆ. ಎರಡೂ ಸರಿ ಎನ್ನುವ ಹಾಗೆ ಬರೆದಿದ್ದಾರೆ, ಪುಣ್ಯಾತ್ಮರು.

ಮಾರ್ಚ್ 6
ಎರಡೂ ಟೂಲ್ ಕಂಪನಿಗಳಿಗೆ ಫೋನ್. ಇಬ್ಬರದೂ ಒಂದೇ ಪಲ್ಲವಿ — ನಾವು ಸ್ಟ್ಯಾಂಡರ್ಡ್ ಮೀರಿಲ್ಲ. ಸ್ಟ್ಯಾಂಡರ್ಡ್ ಸಮಿತಿಯವರು ಮುಂದಿನ ಆವೃತ್ತಿಯಲ್ಲಿ ನೋಡುತ್ತಾರಂತೆ. ಎಲ್ಲರೂ ಸರಿ. ಕೆಲಸ ಹೋಗುವುದು ಮಾತ್ರ ನನ್ನದು.
ಅಮ್ಮ ಕೇಳಿದಳು: "ಆ ಮಿಷನ್ನುಗಳೇ ಒಂದಕ್ಕೊಂದು ಒಪ್ಪಲ್ಲ ಅಂದ್ರೆ ನಿನ್ನ ಯಾಕೆ ಬೈತಾರೆ?"
ಮಿಷನ್ನಿಗೆ ನೋಟಿಸ್ ಕೊಡಕ್ಕಾಗಲ್ವಲ್ಲಮ್ಮ ಎಂದೆ.

ಮಾರ್ಚ್ 11
ಹೆಣೆಯುವ ಟೂಲ್ ವಾರ್ನಿಂಗ್ ಕೊಡಬೇಕಿತ್ತು. ಅದರ ಬಾಯಿ ಕಟ್ಟಿದ್ದರು. ಇದು ಇಲ್ಲಿನ ಪದ್ಧತಿ: ಫ್ಯಾಕ್ಟರಿಗೆ ಕಳಿಸುವ ವಾರ ವಾರ್ನಿಂಗ್‌ಗಳನ್ನೆಲ್ಲ ದೀಪದ ಹಾಗೆ ಆರಿಸಿ ವರದಿ ಕ್ಲೀನ್ ಮಾಡುವುದು. ಹೊಗೆ ಕಂಡರೆ ಕಣ್ಣು ಮುಚ್ಚುವ ಬುದ್ಧಿ. ಅಪ್ಪಣೆ ಮ್ಯಾನೇಜರದು, ಬರೀ ಬಾಯಿಮಾತು. ಆರಿಸಿದ ಕೈ ಗಡ್ಡದವನದು — ಪಕ್ಕದ ಸೀಟಿನವ, ನನ್ನ ಹಾಗೇ ಕಾಂಟ್ರಾಕ್ಟು.

ಮಾರ್ಚ್ 12, ಸಂಜೆ
ಮ್ಯಾನೇಜರ್ ಕರೆದರು. ಟೀ ತರಿಸಿದರು. ಟೀ ಬಂತೆಂದರೆ ಕುತ್ತಿಗೆಗೆ ಬಂತೆಂದೇ ಲೆಕ್ಕ. ವಾರ್ನಿಂಗ್ ಆರಿಸಿದ್ದು ಗಡ್ಡದವ, ತಾನಾಗಿಯೇ ಎಂದು ಬರೆದುಕೊಟ್ಟರೆ ನಾನು ಕಾಯಂ ಅಂತೆ.
"ಆರಿಸು ಅಂದೋರು ನೀವಲ್ವಾ ಸಾರ್?"
"ಎಲ್ಲಿ ಹೇಳಿದೀನಿ, ತೋರ್ಸು."
ಹೊರಗೆ ಮೆಟ್ಟಿಲ ಮೇಲೆ ಗಡ್ಡದವ ಕೂತಿದ್ದ. ಸುದ್ದಿ ಮುಟ್ಟಿತ್ತು. "ಅಕ್ಕಾ, ಮಗೂಗಿನ್ನೂ ಹಲ್ಲೇ ಬಂದಿಲ್ಲ. ಬರೀಬೇಡ."
ಬರೆದರೆ ಅವನು ಹಾಳು. ಬರೆಯದಿದ್ದರೆ ನಾನು. ಟೀ ತರಿಸಿದ ಆ ಮನುಷ್ಯನಿಗೆ ಮಾತ್ರ ಎರಡೂ ಲಾಭ… ಥೂ.

ಮಾರ್ಚ್ 13
ಖಾಲಿ ಕಾಗದವನ್ನೇ ಮ್ಯಾನೇಜರ್ ಮೇಜಿನ ಮೇಲಿಟ್ಟು ಬಂದೆ. ಸೋಮವಾರ ಹತ್ತಕ್ಕೆ ವಿಚಾರಣೆ ಎಂದರು.
ಗಡ್ಡದವನನ್ನು ಕೇಳಿದೆ, ಆ ಅಪ್ಪಣೆ ನಿನಗೊಬ್ಬನಿಗೇ ಬರುತ್ತಾ ಎಂದು. ಎಲ್ಲ ತಂಡಕ್ಕೂ ಬರುತ್ತೆ ಎಂದ. ಹಾಗಾದರೆ ಆರಿಸಿದವರೆಲ್ಲ ವಿಚಾರಣೆಗೆ ಬಂದು, ಆರಿಸು ಅಂದವರು ಯಾರು ಎಂದು ಹೇಳಲಿ. ಇದನ್ನೇ ಕೇಳಲು ಒಬ್ಬೊಬ್ಬರ ಸೀಟಿಗೂ ಹೋದೆ. ಕೆಲವರು ಹೆಡ್‌ಫೋನ್ ಏರಿಸಿಕೊಂಡರು. ಗಡ್ಡದವ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ವಿಚಾರಣೆಗೆ ಮುಂಚೆ ನಾವು ಸೇರುವುದು ಎಷ್ಟು ಹೊತ್ತಿಗೆ ಎಂದ, ನೆಲ ನೋಡುತ್ತಾ. ಸೋಮವಾರ, ಬೆಳಿಗ್ಗೆ ಎಂಟಕ್ಕೆ, ಕ್ಯಾಂಟೀನ್ ಹಿಂದೆ ಎಂದೆ.