ಕೊಡೆಬಟ್ಟೆಯ ಉದ್ಯಮಿ

ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ, ಬೈದುಕೋ. ಕೆಲಸ ಹೆಚ್ಚಿತ್ತು ಎಂದರೆ ನೀನು ನಂಬುವವಳಲ್ಲ. ಭಾವನ ಮಂಡಿನೋವು ಕಡಿಮೆಯಾಯಿತೇ? ನಾನು ಚೆನ್ನಾಗಿದ್ದೇನೆ. ವಿಶ್ವವಿದ್ಯಾಲಯದವರು ನನ್ನನ್ನು ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಾರೋ ಇಲ್ಲವೋ ಈ ತಿಂಗಳು ಗೊತ್ತಾಗುತ್ತದೆ.

ಪುಟ್ಟಿಗೆ ಪ್ರಯೋಗಾಲಯದ ಕೆಲಸ ಯಾಕೆ ಸಿಗಲಿಲ್ಲ ಎಂದು ಕೇಳಿದ್ದೀಯ. ನಿನ್ನ ಮಗಳು ಓದಿನಲ್ಲಿ ಯಾರಿಗೂ ಕಡಿಮೆಯಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಪಾಠ ಮಾಡುವ ಉದ್ಯಮಶೀಲತೆಯ ಕೋರ್ಸಿನಲ್ಲಿ ಪಾಸಾಗಬೇಕಾದರೆ ಪ್ರತಿಯೊಬ್ಬರೂ ಒಂದು ಉದ್ಯಮ ಶುರುಮಾಡಬೇಕು. ಓದಿದವರಿಗೆ ಕೆಲಸವಿಲ್ಲ, ಅವರೇ ಕೆಲಸ ಹುಟ್ಟಿಸಿಕೊಳ್ಳಲಿ ಎಂಬುದು ಉದ್ದೇಶ. ಪುಟ್ಟಿ ಮುರಿದ ಕೊಡೆಗಳ ಬಟ್ಟೆಯಿಂದ ಚೀಲ ಹೊಲಿದಳು. ಪ್ರದರ್ಶನದ ದಿನ ಹನ್ನೊಂದು ಮಾರಾಟವಾದವು, ಏಳನ್ನು ಕೊಂಡವರು ನಾವು ಮೇಷ್ಟ್ರುಗಳೇ. "ಮಾಮ, ಊರಲ್ಲಿದ್ದ ಮುರಿದ ಕೊಡೆಯೆಲ್ಲ ಮುಗೀತು. ಇನ್ನು ನಿಮ್ಮದನ್ನೇ ಮುರೀಬೇಕು" ಎಂದು ಎಲ್ಲರನ್ನೂ ನಗಿಸಿದ್ದಳು. ಪರೀಕ್ಷೆ ಮುಗಿಯಿತು, ಬಾಡಿಗೆಯ ಹೊಲಿಗೆ ಯಂತ್ರ ವಾಪಸ್ಸು ಹೋಯಿತು.

ಆಮೇಲೆ ಮೇಲಿನಿಂದ ಒಂದು ಫಾರಂ ಬಂತು: ಕೋರ್ಸ್ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ? ನಲವತ್ತೊಂದು ಹೆಸರು. ನಮ್ಮ ಮುಖ್ಯಸ್ಥರು ಬಾಗಿಲಲ್ಲೇ ನಿಂತು, "ನಿರುದ್ಯೋಗಿ ಅಂತ ಬರೆದ್ರೆ ಈ ಕೋರ್ಸ್ ಯಾಕ್ರೀ, ನೀವು ಯಾಕ್ರೀ ಅಂತಾರೆ. ಚೀಲ ಮಾರಿದ್ಲೋ ಇಲ್ವೋ? ಮತ್ತೆ, ಅದು ಸ್ವಂತ ಉದ್ಯಮ ತಾನೇ?" ಎಂದರು. ಮೂವತ್ತೆಂಟು ಹೆಸರುಗಳ ಮುಂದೆ 'ಸ್ವಂತ ಉದ್ಯಮ' ಎಂದು ಬರೆದು ಕಳಿಸಲಾಯಿತು.

ಪ್ರಯೋಗಾಲಯದ ಹುದ್ದೆ ಉದ್ಯೋಗ ಕಚೇರಿಯಲ್ಲಿ ನಿರುದ್ಯೋಗಿ ಎಂದು ಹೆಸರು ಬರೆಸಿದವರಿಗೆ ಮಾತ್ರ. ಪುಟ್ಟಿ ಹೆಸರು ಬರೆಸಲು ಹೋದಾಗ ಗುಮಾಸ್ತ, ಅಲ್ಲಿಗೂ ತಲುಪಿದ್ದ ನಮ್ಮ ಪಟ್ಟಿ ನೋಡಿ, "ನೀವು ಉದ್ಯಮಿ ಅಲ್ವೇನಮ್ಮ? ನೀವೇ ನಾಲ್ಕು ಜನಕ್ಕೆ ಕೆಲಸ ಕೊಡಿ, ಈ ಸಾಲೂ ಕರಗುತ್ತೆ" ಎಂದನಂತೆ. ಹಿಂದೆ ನಿಂತವರು ನಕ್ಕರಂತೆ. ಪಟ್ಟಿ ತಪ್ಪು ಎಂದು ವಿಶ್ವವಿದ್ಯಾಲಯದಿಂದ ಒಂದು ಪತ್ರ ತಂದರೆ ಸಾಕಾಗಿತ್ತು. "ನಮ್ಮ ಮಾಮನೇ ಅಲ್ಲಿ ಮೇಷ್ಟ್ರು, ಒಂದೇ ದಿನದಲ್ಲಿ ತರ್ತೀನಿ" ಎಂದು ಹೇಳಿ ಬಂದಿದ್ದಳು. ಪತ್ರ ಸಮಯಕ್ಕೆ ಸಿಗಲಿಲ್ಲ. ಕೊನೆಯ ದಿನ ದಾಟಿಹೋಯಿತು.

ಅವಳನ್ನು ಗದರಬೇಡ. ಭಾವನಿಗೆ ನಮಸ್ಕಾರ ಹೇಳು. ಪುಟ್ಟಿಗೆ ಒಳ್ಳೆಯದಾಗಲಿ.

ನಿನ್ನ ತಮ್ಮ

ಮತ್ತೊಂದು ಮಾತು: ಆ ಫಾರಂ ತುಂಬಿದವನು ನಾನು. ಮೊದಲ ಹೆಸರು ಪುಟ್ಟಿಯದೇ. ಅವಳಿಗೆ ಬೇಕಿದ್ದ ಪತ್ರಕ್ಕೆ ಸಹಿ ಹಾಕಬೇಕಾದವನೂ ನಾನೇ. ಒಂದು ಹೆಸರು ತಪ್ಪು ಎಂದು ಬರೆದರೆ ಉಳಿದ ಮೂವತ್ತೇಳೂ ತಪ್ಪು ಎಂದು ಒಪ್ಪಬೇಕಾಗುತ್ತಿತ್ತು, ಅದೂ ಈ ತಿಂಗಳಲ್ಲಿ. ಅವಳು ಮೂರು ಸಲ ಬಂದಳು. ಮೂರು ಸಲವೂ ಚಹಾ ಕುಡಿಸಿ, "ಮುಖ್ಯಸ್ಥರನ್ನ ಕೇಳ್ತೀನಿ" ಎಂದು ಕಳಿಸಿದೆ. ಕೇಳಲಿಲ್ಲ. ಕೊನೆಯ ಸಲ ಮೆಟ್ಟಿಲಿಳಿಯುತ್ತ ತಿರುಗಿ, "ನಿಮಗೆ ತುಂಬಾ ತೊಂದ್ರೆ ಕೊಟ್ಟೆ ಮಾಮ" ಎಂದಳು.