ಮುಟ್ಟದೆ ಸುಟ್ಟದ್ದು

ಆರ್‌ಪಿಸಿ ಲೇಔಟ್, ವಿಜಯನಗರ
ಬೆಂಗಳೂರು
೧೬ ಮಾರ್ಚ್ ೨೦೦೮

ಪ್ರೀತಿಯ ಅಭಿನವ್,

ಅಪ್ಪನ ಆಶೀರ್ವಾದ. ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ನಿನ್ನಮ್ಮ ದಿನವೂ ಬೈಯುತ್ತಿದ್ದಾಳೆ. ಫೋನಿನಲ್ಲೇ ಹೇಳೋಣವೆಂದರೆ ಮೊನ್ನೆ ನೀನು ‘ಊಟ ಆಯ್ತಾ ಅಪ್ಪ’ ಎನ್ನುತ್ತಲೇ ರಿಸೀವರನ್ನು ಅವಳ ಕೈಗೆ ಕೊಟ್ಟುಬಿಟ್ಟೆ. ಮನೆಯಲ್ಲಿ ಚೆನ್ನಾಗಿದ್ದೇವೆ. ಮಾವಿನ ಮಿಡಿ ಉಪ್ಪಿಗೆ ಹಾಕಿದ್ದಾಳೆ, ನಿನಗೂ ಒಂದು ಜಾಡಿ ಇದೆ.

ಸುದ್ದಿ ನಾಯಂಡಹಳ್ಳಿಯ ಫ್ಯಾಕ್ಟರಿಯದು. ಅಮರೇಶ ನೆನಪಿದ್ದಾನಲ್ಲ, ಲಿಂಗಸುಗೂರಿನ ಕಡೆಯವನು, ನಾಲ್ಕು ವರ್ಷದಿಂದ ನನ್ನ ಕೈಕೆಳಗೆ ಎಲೆಕ್ಟ್ರಿಷಿಯನ್. ಕಳೆದ ತಿಂಗಳು ಇಪ್ಪತ್ತಾರನೇ ತಾರೀಖು ಸುಟ್ಟುಕೊಂಡ. ಮುಖ, ಕತ್ತು, ಎದೆ, ಎರಡೂ ಕೈ. ಜೀವಕ್ಕೆ ಅಪಾಯವಿಲ್ಲವಂತೆ. ಬಲಗೈ ಬೆರಳುಗಳು ಮತ್ತೆ ಸ್ಪ್ಯಾನರ್ ಹಿಡಿಯುತ್ತವೆಯೋ ಇಲ್ಲವೋ ಈಗಲೇ ಹೇಳಲಾಗುವುದಿಲ್ಲ ಎಂದಿದ್ದಾರೆ.

ಅವನು ಏನನ್ನೂ ಮುಟ್ಟಿರಲಿಲ್ಲ, ಅಭಿ. ಇದನ್ನು ಎರಡು ಸಲ ಓದು. ದೊಡ್ಡ ಪ್ಯಾನೆಲ್ಲಿನೊಳಗೆ ಗುಂಯ್ ಎಂದು ಸದ್ದು ಬರುತ್ತಿತ್ತು. ಲೈನ್ ಆಫ್ ಮಾಡಿದರೆ ಇಡೀ ಶೆಡ್ ನಿಲ್ಲುತ್ತದೆಂದು, ಚಾಲೂ ಇರುವಾಗಲೇ ಬಾಗಿಲು ತೆಗೆದು ಟಾರ್ಚ್ ಹಾಕಿ ನೋಡುತ್ತಿದ್ದ. ಒಳಗೆ ಸಡಿಲವಾಗಿದ್ದ ಬೋಲ್ಟೊಂದು ಕರೆಂಟ್ ಹರಿಯುತ್ತಿದ್ದ ತಾಮ್ರದ ಪಟ್ಟಿಗಳ ನಡುವೆ ಬಿತ್ತು. ಅಷ್ಟೇ, ಗಾಳಿಯೇ ಹೊತ್ತಿಕೊಂಡಿತು. ಎರಡಡಿ ದೂರ ನಿಂತವನ ಟೆರಿಕಾಟ್ ಅಂಗಿ ಕರಗಿ ಎದೆಗೆ ಅಂಟಿತು. ಡಾಕ್ಟರು ಪೂರ್ತಿ ನೋಡಿ, ‘ಕರೆಂಟ್ ಒಳಗೆ ಹೋಗಿರೋ ಗುರುತೇ ಇಲ್ವಲ್ರೀ, ಇದು ಬರೀ ಬೆಂಕಿ’ ಎಂದರು.

ಎರಡು ತಿಂಗಳ ಹಿಂದೆ, ಹೊರದೇಶದ ಗಿರಾಕಿಗಳು ಕೇಳಿದರೆಂದು, ಶಿಲ್ಪಾ ಎನ್ನುವ ಎಂಜಿನಿಯರ್ ಬಂದು ಪ್ರತಿ ಪ್ಯಾನೆಲ್ಲಿಗೂ ಲೆಕ್ಕ ಹಾಕಿದ್ದರು. ಒಳಗೆ ಬೆಂಕಿ ಹೊತ್ತಿದರೆ ಎಷ್ಟು ದೂರದವರೆಗೆ ಸುಡುತ್ತದೆ, ಎಂಥ ಕೋಟು ತಡೆಯುತ್ತದೆ ಎಂದು ಬರೆದ ಹಳದಿ ಚೀಟಿ ಅಂಟಿಸಿದ್ದರು. ಈ ಪ್ಯಾನೆಲ್ಲಿಗೆ ಐದಡಿ. ‘ಆಫ್ ಮಾಡಿ ಕೆಲಸ ಮಾಡೋದೇ ಸರಿ ಸಾರ್. ಆಗೋದೇ ಇಲ್ಲ ಅಂದ್ರೆ ಕೋಟು, ಮುಖಕ್ಕೆ ಶೀಲ್ಡ್ ಇಲ್ದೆ ಬಾಗ್ಲು ತೆಗೀಬೇಡಿ’ ಎಂದಿದ್ದರು. ನಾನು ನಕ್ಕುಬಿಟ್ಟೆ. ‘ಮೂವತ್ತೊಂದು ವರ್ಷ ಆಯ್ತಮ್ಮ, ಮುಟ್ಟದೆ ಇದ್ರೆ ಕರೆಂಟ್ ಯಾರಿಗೂ ಏನೂ ಮಾಡಲ್ಲ’ ಎಂದೆ.

ನಿನಗೂ ಕಲಿಸಿದ್ದು ಅದನ್ನೇ. ಮದ್ದೂರಿನ ಸಕ್ಕರೆ ಕಾರ್ಖಾನೆಯಲ್ಲಿ ನೀನು ಇದಕ್ಕಿಂತ ದೊಡ್ಡ ಪ್ಯಾನೆಲ್ಲುಗಳ ಮುಂದೆ ನಿಲ್ಲುತ್ತೀಯ. ನಾನು ಕಲಿಸಿದ್ದು ತಪ್ಪು. ಶಾಕ್ ಹೊಡೆಯುವುದೊಂದೇ ನನಗೆ ಗೊತ್ತಿದ್ದದ್ದು. ಮೊದಲು ಲೈನ್ ಆಫ್ ಮಾಡಿಸು, ಸ್ವಿಚ್ಚಿಗೆ ಬೀಗ ಹಾಕಿ ಕೀಲಿ ನಿನ್ನ ಜೇಬಿನಲ್ಲೇ ಇಟ್ಟುಕೋ, ಆಮೇಲೆ ಕರೆಂಟ್ ಇಲ್ಲವೆಂದು ಟೆಸ್ಟರ್ ಹಾಕಿ ನೋಡು. ಟೆರಿಕಾಟ್ ಬೇಡ, ದಪ್ಪ ಹತ್ತಿಯ ಅಂಗಿ ಹಾಕು. ಯಾರಾದರೂ ಪುಕ್ಕಲ ಎಂದರೆ ಅನ್ನಲಿ.

ಮ್ಯಾನೇಜರ್ ವೆಂಕಟೇಶ್ ಕರೆದು ನನ್ನ ಹೇಳಿಕೆ ಕೇಳಿದರು. ‘ಮುಟ್ಟಿದ ಅಂತ ಬರೀರಿ ವೆಂಕಟಗಿರಿಯವ್ರೇ. ಮುಟ್ಟದೆ ಹೆಂಗ್ರೀ ಸುಡುತ್ತೆ, ಯಾರು ನಂಬ್ತಾರೆ?’ ಎಂದರು. ತಪ್ಪು ಅವನದೇ ಎಂದಾದರೆ ಅಮರೇಶನ ಕೆಲಸ ಹೋಗುತ್ತದೆ. ಬೆರಳು ಮಡಿಸಲಾಗದ ಎಲೆಕ್ಟ್ರಿಷಿಯನ್ನನ್ನು ಬೇರೆ ಯಾರು ಸೇರಿಸಿಕೊಳ್ಳುತ್ತಾರೆ? ನನಗೆ ನಿವೃತ್ತಿಗೆ ಇನ್ನು ಏಳೇ ತಿಂಗಳು. ಊಟ ಸೇರುತ್ತಿಲ್ಲ.

ಹುಷಾರು ಕಣೋ. ದೇವರು ನಿನ್ನ ಕೈಕಾಲು ಗಟ್ಟಿಯಾಗಿಟ್ಟಿರಲಿ.

ನಿನ್ನ ಅಪ್ಪ,
ವೆಂಕಟಗಿರಿ

ತಾ.ಕ.: ಮೇಲಿನದನ್ನು ನಿನ್ನಮ್ಮನಿಗೆ ಓದಿ ಹೇಳಿದೆ. ಇದು ನಿನಗೆ ಮಾತ್ರ. ಅವತ್ತು ಅಮರೇಶ, ‘ಕೋಟು ತರ್ತೀನ್ರೀ ಸರ, ಸ್ಟೋರಿನ್ಯಾಗ ಐತಿ’ ಎಂದ. ‘ಬರೀ ನೋಡೋದಕ್ಕೆ ಕೋಟ್ಯಾಕೋ, ಮುಟ್ಟಬೇಡ ಅಷ್ಟೇ’ ಎಂದೆ. ಅವನು ಮುಟ್ಟಲಿಲ್ಲ. ಆದರೆ ಹೇಳಿಕೆಯಲ್ಲಿ, ‘ಕೋಟು ಹಾಕಿಕೋ ಎಂದರೂ ಕೇಳಲಿಲ್ಲ, ಬೇಡವೆಂದರೂ ಮುಟ್ಟಿದ’ ಎಂದು ನಾನು ಬರೆದು ಸಹಿ ಹಾಕಿ ಹತ್ತು ದಿನವಾಯಿತು. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಅವನ ತಾಯಿ ಲಕ್ಷ್ಮವ್ವನಿಗೆ ಯಾರೋ ಅದನ್ನು ಹೇಳಿದ್ದಾರೆ. ಎದ್ದು ಬಂದು ನನಗೆ ಕೈಮುಗಿದಳು. ‘ನಿಮ್ಮ ಮಾತು ಮೀರಿದ್ನಂತ್ರೀ ನಮ್ಮ ಅಮರೇಶ. ತಪ್ಪಾತ್ರೀ, ಹೊಟ್ಟಿಗೆ ಹಾಕ್ಕೋರಿ’ ಎಂದಳು. ಅಮರೇಶ ಪಕ್ಕದಲ್ಲೇ ಮಲಗಿದ್ದ. ಎಚ್ಚರವಾಗಿಯೇ ಇದ್ದ.